ಅಜ್ಜನ 'ಕೋದಂಡ' ಅಂದರೆ ಏನು

ಪುಟ್ಟಿ, ಬೆಳಿಗ್ಗೆ ನೀನು ಕೇಳಿದ್ದಕ್ಕೆ ಈಗ ಪುರುಸೊತ್ತಾಯಿತು. ಅಜ್ಜ ಸಿಟ್ಟು ಬಂದಾಗ "ಕೋದಂಡ ಏರಿಸ್ತೀನಿ ನೋಡು" ಅನ್ನುತ್ತಿದ್ದರಲ್ಲ, ಹಾಗಂದರೇನು ದೊಡ್ಡಮ್ಮ ಅಂತ ಕೇಳಿದ್ದೆ. ಅಷ್ಟರಲ್ಲಿ ನಿನ್ನ ತಮ್ಮ "ಕೋ ಅಂದ್ರೆ ತಗೋ, ದಂಡ ಅಂದ್ರೆ ಶಿಕ್ಷೆ" ಅಂತ ಅರ್ಥ ಬಿಡಿಸಿಟ್ಟಿದ್ದಾನೆ. ನಕ್ಕು ನಕ್ಕು ಸಾಕಾಯಿತು. ಆದರೆ ಅದಲ್ಲ ಮರಿ.

ಕೋದಂಡ ಅಂದರೆ ಬಿಲ್ಲು, ಸಂಸ್ಕೃತದಿಂದ ಬಂದ ಮಾತು. ಕೋದಂಡರಾಮ ಅನ್ನುತ್ತೀವಲ್ಲ, ಅದೇ. ಹಳೇ ಶಾಲೆಗಳಲ್ಲಿ ಕೊಡುತ್ತಿದ್ದ ಒಂದು ಶಿಕ್ಷೆಗೂ ಅದೇ ಹೆಸರು. ಬಿಲ್ಲಿಗೂ ಶಾಲೆಗೂ ಏನು ನಂಟು ಅಂತೀಯಾ? ಹಿಂದೆ ಕೂಲಿಮಠದಲ್ಲಿ, ಅಂದರೆ ಹಳೇ ಕಾಲದ ಊರ ಶಾಲೆಯಲ್ಲಿ, ಐಗಳು (ಆಗಿನ ಮೇಷ್ಟ್ರು) ತೊಲೆಗೆ ಹಗ್ಗ ಇಳಿಬಿಡುತ್ತಿದ್ದರು. ಪಾಠ ಒಪ್ಪಿಸದ ಹುಡುಗ ಎರಡೂ ಕೈಯಲ್ಲಿ ಅದನ್ನು ಹಿಡಿದು ಜೋತಾಡಬೇಕು. ಕಾಲು ನೆಲಕ್ಕೆ ತಾಗಬಾರದು. ಆ ಭಾರಕ್ಕೆ ಹಗ್ಗ ಬಿಲ್ಲಿನ ಹೆದೆಯ ಹಾಗೆ ಬಿಗಿಯಾಗುತ್ತದೆ ಅಲ್ವಾ, ಅದಕ್ಕೇ ಈ ಹೆಸರು ಬಿದ್ದಿರಬೇಕು ಅಂತ ನನ್ನ ಲೆಕ್ಕ.

ಅಜ್ಜ ಕೋದಂಡ ಏರಿದವರಲ್ಲ. ಅವರ ಅಪ್ಪ ಏರಿದ್ದರಂತೆ. ಅಂಗೈ ಸುಲಿದು, ರಾತ್ರಿ ಬಿಸಿ ಮುದ್ದೆ ಮುರಿಯೋಕೆ ಆಗದೆ ಕೂತಿದ್ದರಂತೆ. ಅವ್ವ ತುತ್ತು ಮಾಡಿ ಬಾಯಿಗಿಟ್ಟಳು, ಐಗಳಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಅಜ್ಜನ ಕಾಲಕ್ಕೆ ಹಗ್ಗ ಹೋಗಿ ಬೈಗುಳ ಉಳಿದಿತ್ತು.

ಸುಮ್ನೆ ಹೆದರಿಸುವ ಕಥೆ ಅಂದುಕೊಳ್ಳಬೇಡ. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಆಗಿದ್ದ ಕ್ಯಾಂಬೆಲ್ ದೊರೆ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ವರದಿ ಕಳಿಸಿದ್ದ. ಒಟ್ಟು 533 ಶಾಲೆ, ಅದರಲ್ಲಿ 235 ಕನ್ನಡದವು. ಸೋಮಾರಿ ಹುಡುಗರನ್ನು ಎರಡೂ ಕೈಯಿಂದ, ರಾಟೆ ಹಾಕಿ, ಸೂರಿಗೆ ನೇತುಹಾಕುತ್ತಾರೆ ಅಂತ ಬರೆದಿದ್ದಾನೆ. ಕೋದಂಡ ಅನ್ನುವ ಹೆಸರು ಎತ್ತಿಲ್ಲ, ಆದರೆ ಇನ್ನೇನಿದ್ದೀತು! ಮಂಡಿಯೂರಿ ಏಳುವ ಶಿಕ್ಷೆಯೂ ಇತ್ತು, ನಮ್ಮ ಬಸ್ಕಿಯ ಹಾಗೆ. ಅದು ಬಹಳ ನೋವಿನದು, ಆದರೂ ಮೈಗೆ ಒಳ್ಳೆಯದಿರಬಹುದು ಅಂತ ಷರಾ ಬೇರೆ. ನೇತಾಡಿದವನು ಅವನಲ್ಲವಲ್ಲ!

ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ 'ಸರಸ್ವತಿ' ಅಂತ ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಜಾಸ್ತಿ. ದಿನಾ ಶಾಲೆ ವ್ಯಾನ್ ತಪ್ಪಿಸಿಕೊಳ್ಳುವ ನಮ್ಮ ಅರ್ಥಪಂಡಿತನಿಗೆ ಎಷ್ಟು ಬೀಳುತ್ತಿತ್ತು, ಅವನಿಗೇ ಲೆಕ್ಕ ಹಾಕೋಕೆ ಹೇಳು.