ಪೋಷಕರ ಗುಂಪಿನಲ್ಲಿ ಡಿಗ್ರೀಸ್ (ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಥರದ ಹೋಲಿಕೆ ರೂಪಗಳು) ಪ್ರಶ್ನೋತ್ತರ: ‘ಎನಿ’ ಪಕ್ಕದಲ್ಲಿ ‘ಅದರ್’ ಯಾಕೆ ಬೇಕು?

ಜಮಖಂಡಿ ತಾಯಿ: ಮೇಡಂ, ಮಗಳು ಎಸ್ಎಸ್ಎಲ್‌ಸಿ. ‘ಗೋಲ್ ಗುಂಬಜ್ ಈಸ್ ಬಿಗ್ಗರ್ ದ್ಯಾನ್ ಎನಿ ಡೋಮ್ ಇನ್ ವಿಜಯಪುರ’ ಅಂತ ಬರೆದಿದ್ದಳು. ಸರ್ ಕೆಂಪು ಗೀಟು ಹಾಕಿದ್ದಾರೆ. ಬಿಗ್ಗರ್‌ಗೆ ಎರಡು ಜಿ ಇದೆ, ದ್ಯಾನ್ ಇದೆ. ತಪ್ಪೆಲ್ಲಿ?

ಇಂಗ್ಲಿಷ್ ಮೇಡಂ: ಅಕ್ಕಾರ, ‘ಎನಿ ಅದರ್ ಡೋಮ್’ ಆಗಬೇಕು. ಗೋಲಗುಮ್ಮಟ ಇರುವುದೂ ವಿಜಯಪುರದಲ್ಲೇ ಅಲ್ವಾ? ‘ಅದರ್’ ಬಿಟ್ಟರೆ ಅದು ತನಗಿಂತ ತಾನೇ ದೊಡ್ಡದು ಅಂದ ಹಾಗಾಯಿತು. ಕನ್ನಡದಲ್ಲಿ ‘ಊರಿನ ಯಾವ ಗುಮ್ಮಟಕ್ಕಿಂತಲೂ ಇದು ದೊಡ್ಡದು’ ಅಂದರೆ ಸಾಕು, ‘ಬೇರೆ’ ಅನ್ನೋದನ್ನ ಕೇಳುವವರೇ ಸೇರಿಸಿಕೊಳ್ಳುತ್ತಾರೆ, ಅದಕ್ಕೇ ನಮ್ಮ ಮಕ್ಕಳು ಇಂಗ್ಲಿಷಿನಲ್ಲೂ ಬಿಡುತ್ತಾರೆ, ಇದು ದಡ್ಡತನ ಅಲ್ಲ, ಅವಳನ್ನ ಬೈಯಬೇಡಿ. ನಾನು ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನನ್ನ ಸಾಲಿನಿಂದ ಹೊರಗೆ ಕರೆದು ನಿಲ್ಲಿಸುತ್ತೇನೆ. ಸಾಲಿನಲ್ಲಿ ಉಳಿದವರೇ ‘ಅದರ್’. ಬೀದರಿನ ಗುಮ್ಮಟಗಳ ಜೊತೆ ಹೋಲಿಸಿದರೆ ಮಾತ್ರ ‘ಎನಿ ಡೋಮ್ ಇನ್ ಬೀದರ್’ ಸಾಕು. ಗೋಲಗುಮ್ಮಟ ಆ ಸಾಲಿನಲ್ಲೇ ಇಲ್ಲವಲ್ಲ. ಪಾಸಿಟಿವ್ ಡಿಗ್ರಿಯನ್ನೂ (ಬರೀ ‘ಬಿಗ್’ ಇರುವ ರೂಪ) ಬರೆಸಿ: ‘ನೋ ಅದರ್ ಡೋಮ್ ಇನ್ ವಿಜಯಪುರ ಈಸ್ ಆ್ಯಸ್ ಬಿಗ್ ಆ್ಯಸ್ ಗೋಲ್ ಗುಂಬಜ್’. ಅಲ್ಲೂ ‘ಅದರ್’ ಇದೆ, ನೋಡಿ.

ಗೋಕಾಕ ಅಣ್ಣ: ‘ಮೋರ್ ಬೆಟರ್’ ಸರಿನಾ ಮೇಡಂ?

ಮೇಡಂ: ತಪ್ಪು. ಬರೀ ಬೆಟರ್. ಒತ್ತಿ ಹೇಳಬೇಕಾದರೆ ‘ಮಚ್ ಬೆಟರ್’.

ಮುಧೋಳ ಸದಸ್ಯರು (ಫಾರ್ವರ್ಡ್): ಆರಕ್ಕಿಂತ ಜಾಸ್ತಿ ಅಕ್ಷರ ಇದ್ದರೆ ‘ಮೋರ್’, ಇಲ್ಲದಿದ್ದರೆ ಪದದ ಕೊನೆಗೆ ‘ಇಆರ್’. ಎಲ್ಲ ಪೋಷಕರಿಗೂ ಕಳಿಸಿ.

ಮೇಡಂ: ದಯವಿಟ್ಟು ಇದನ್ನ ಮಕ್ಕಳಿಗೆ ತೋರಿಸಬೇಡಿ. ‘ಸ್ಟ್ರೇಟ್’ಗೆ ಎಂಟು ಅಕ್ಷರ, ಆದರೂ ‘ಸ್ಟ್ರೇಟರ್’. ‘ಯೂಸ್‌ಫುಲ್’ಗೆ ಆರೇ, ಆದರೂ ‘ಮೋರ್ ಯೂಸ್‌ಫುಲ್’. ಎಣಿಸಬೇಕಾದ್ದು ಸಿಲೆಬಲ್, ಅಂದರೆ ಪದ ಹೇಳುವಾಗ ಬರುವ ಉಚ್ಚಾರದ ತುಂಡುಗಳು. ಬಾಯಲ್ಲಿ ಹೇಳುತ್ತಾ ಚಪ್ಪಾಳೆ ಹೊಡೆಸಿ. ಒಂದೇ ಚಪ್ಪಾಳೆಗೆ ಸಾಮಾನ್ಯವಾಗಿ ಇಆರ್, ಮೂರಕ್ಕೆ ಮೋರ್. ಎರಡಾಗಿ ಕೊನೆಗೆ ವೈ ಇದ್ದರೆ ‘ಹ್ಯಾಪಿಯರ್’ ಥರ. ಉಳಿದ ಎರಡರವಕ್ಕೆ ಡಿಕ್ಷನರಿ ತೆಗೆಯಿರಿ. ಸುಮ್ನೆ ಫಾರ್ವರ್ಡ್ ಮಾಡಿದ್ದನ್ನ ಬಿಡಿಸೋಕೆ ನನಗೆ ಒಂದು ತಿಂಗಳು ಬೇಕಾಗುತ್ತದೆ.

ಅಥಣಿ ಸದಸ್ಯರು: ಸೀನಿಯರ್ ದ್ಯಾನ್?

ಮೇಡಂ: ಸೀನಿಯರ್ ಟು.

ಗೋಕಾಕ ಅಣ್ಣ: ಮಗ ಬರೆದದ್ದು ನೋಡಿ ಮೇಡಂ, ‘ಗೋಕಾಕ ಕರದಂಟು ಈಸ್ ದ ಬೆಸ್ಟ್’. ಸರಿ ಇದೆಯಲ್ವಾ?

ಅಮೀನಗಡ ಅಕ್ಕ: ವ್ಯಾಕರಣ ಸರಿ, ಮಾತು ತಪ್ಪು ಅಣ್ಣಾರ. ಬೆಸ್ಟ್ ನಮ್ಮ ಅಮೀನಗಡದ್ದು.

ಗೋಕಾಕ ಅಣ್ಣ: ನಮ್ಮದು ತಿಂದಿದ್ದೀರಾ?

ಅಮೀನಗಡ ಅಕ್ಕ: ತಿಂದೇ ಹೇಳುತ್ತಿದ್ದೇನೆ.

ಬಾಗೇವಾಡಿ ಸದಸ್ಯರು: ‘ಎಲ್ಡರ್’, ‘ಓಲ್ಡರ್’ ಎರಡೂ ಒಂದೇನಾ ಮೇಡಂ?

ಗೋಕಾಕ ಅಣ್ಣ: ಹಾಗಾದರೆ ಹಳೇದು ತಿಂದಿರಬೇಕು.

ಅಮೀನಗಡ ಅಕ್ಕ: ಹಳೇದನ್ನ ಮಾರುವವರು ಯಾರು ಅಂತ ಎಲ್ಲರಿಗೂ ಗೊತ್ತಿದೆ, ಬಾಯಿ ಬಿಡಿಸಬೇಡಿ.

ಇಂಡಿ ಸದಸ್ಯರು: ಮೇಡಂ, ‘ಮೋರ್ ಬೆಟರ್’ ಅನ್ನಬಹುದಾ?

ಮೇಡಂ: ಮೇಲೆ ಓದಿ. ಕರದಂಟಿನ ಜಗಳ ಬೇರೆ ಕಡೆ ಇಟ್ಟುಕೊಳ್ಳಿ, ಇಲ್ಲಿ ಮಕ್ಕಳ ಪರೀಕ್ಷೆ ಇದೆ.

ಜಮಖಂಡಿ ತಾಯಿ: ಮಗಳು ಈಗ ಬರೆದಳು ಮೇಡಂ: ‘ಒನ್ ಆಫ್ ದ ಬಿಗ್ಗೆಸ್ಟ್ ಡೋಮ್’.

ಮೇಡಂ: ‘ಡೋಮ್ಸ್’ ಅಕ್ಕಾರ. ಅನೇಕದರಲ್ಲಿ ಒಂದು ಅಲ್ವಾ, ಎಸ್ ಬೇಕೇ ಬೇಕು. ಅವಳಿಂದಲೇ ಸೇರಿಸಿಸಿ, ನೀವು ತಿದ್ದಬೇಡಿ.