ಮೊದಲ ಸಲ ಮಿನಿ ಟ್ರ್ಯಾಕ್ಟರ್ ಕೊಳ್ಳುವವರಿಗೆ ಯಾವುದು ಸರಿ? ವರ್ಕ್‌ಶಾಪ್ ಅಣ್ಣನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ಪ್ರಶ್ನೋತ್ತರ ಮಿನಿ ಟ್ರ್ಯಾಕ್ಟರ್ ಬಗ್ಗೆ. ಗೋಣಿಕೊಪ್ಪಲಿನಲ್ಲಿ ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿ ಮಾಡುವ ನಮ್ಮ ವರ್ಕ್‌ಶಾಪ್ ಅಣ್ಣ ಉತ್ತರ ಕೊಡುತ್ತಾರೆ. ಊರು, ಎಕರೆ, ಬೆಳೆ, ಜಾಗ ಏರೋ ಸಮತಟ್ಟೋ, ಇಷ್ಟು ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಹುದಿಕೇರಿ ಹುಡುಗ: ಅಣ್ಣಾ, ಮಿನಿ ಟ್ರ್ಯಾಕ್ಟರ್‌ನಲ್ಲಿ ಯಾವುದು ಬೆಸ್ಟ್?

ವರ್ಕ್‌ಶಾಪ್ ಅಣ್ಣ: ಊರು ಹೆಸರಲ್ಲೇ ಇದೆ, ಸರಿ. ಎಕರೆ? ಬೆಳೆ? ಅಡ್ಮಿನ್ ಬರೆದದ್ದು ಓದಿ ಮತ್ತೆ ಕೇಳಿ.

ಸುಂಟಿಕೊಪ್ಪ ಪ್ಲಾಂಟರ್: 8 ಎಕರೆ ಕಾಫಿ, ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ. ಗಿಡಗಳ ಸಾಲಿನಲ್ಲಿ ರೋಟವೇಟರ್ (ಟ್ರ್ಯಾಕ್ಟರ್ ಹಿಂದೆ ತಿರುಗಿ ಮಣ್ಣು ಕತ್ತರಿಸುವ ಬ್ಲೇಡು) ಹೊಡೆದರೆ ಕಳೆ ಕೆಲಸಕ್ಕೆ ಆಳು ಬೇಡ ಅಂತ ಯೋಚನೆ. 24 ಎಚ್‌ಪಿ ಸಾಕಾ ಸರ್?

ವರ್ಕ್‌ಶಾಪ್ ಅಣ್ಣ: ಎಚ್‌ಪಿ ಸಾಕು. ಯೋಚನೆ ಸರಿಯಿಲ್ಲ. ಅರೇಬಿಕಾ 6 ಅಡಿ ಅಂತರದಲ್ಲಿ ಇರುತ್ತದೆ, ಅಲ್ಲಿ ಯಾವ ಟ್ರ್ಯಾಕ್ಟರೂ ನುಗ್ಗುವುದಿಲ್ಲ. ರೋಬಸ್ಟಾ 10 ಅಡಿ ಇದ್ದರೂ ಎರಡೂ ಕಡೆಯ ಗಿಡದ ರೆಕ್ಕೆ (ಅಡ್ಡ ಕೊಂಬೆ) ಬಂದು ನಡುವೆ ನಡೆಯುವಷ್ಟು ಜಾಗ ಮಾತ್ರ. ಅದಕ್ಕಿಂತ ಮುಖ್ಯ, ಕಾಫಿಗೆ ಗೊಬ್ಬರ ಹೀರುವ ಬೇರು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಜಾಸ್ತಿ. ರೋಟವೇಟರ್ ಕಳೆಯ ಜೊತೆ ಅದನ್ನೂ ಕತ್ತರಿಸುತ್ತದೆ. ಕಳೆಗೆ ಬ್ರಷ್ ಕಟ್ಟರ್ ತೆಗೆದುಕೊಳ್ಳಿ. ಟ್ರ್ಯಾಕ್ಟರ್ ಬೇಕಾದ್ದು ಬೇರೆ ಕೆಲಸಕ್ಕೆ: ಕಾಫಿ ಚೀಲ ಕಣಕ್ಕೆ ತರಲು, ಗೊಬ್ಬರ ಸಾಗಿಸಲು, ಮೆಣಸಿಗೆ ರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆಯುವ ಪಂಪ್ ತಿರುಗಿಸಲು. ಈ ಕೆಲಸ ವರ್ಷದಲ್ಲಿ ಎಷ್ಟು ದಿನ ಬೀಳುತ್ತದೆ ಲೆಕ್ಕ ಹಾಕಿ. ಕಡಿಮೆ ಅನಿಸಿದರೆ ಬಾಡಿಗೆಗೆ ತರಿಸಿ.

ಕುಟ್ಟ ಕಾಳುಮೆಣಸು: ಸಬ್ಸಿಡಿ ಎಷ್ಟು ಸಿಗುತ್ತದೆ?

ವರ್ಕ್‌ಶಾಪ್ ಅಣ್ಣ: ನಾನು ನಟ್ಟು ಬೋಲ್ಟಿನವನು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಹೋಗುವಾಗ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇರಲಿ. ಮಂಜೂರು ಆಗದೆ ಗಾಡಿ ಕೊಳ್ಳಬೇಡಿ.

ಮಾದಾಪುರ ಅಕ್ಕ: ಅಣ್ಣಾ, ನಮ್ಮದು ಒಟ್ಟು 6 ಎಕರೆ. 4 ಎಕರೆ ರೋಬಸ್ಟಾ, ಒಂದೂವರೆ ಎಕರೆ ಗದ್ದೆ, ಉಳಿದದ್ದು ಮನೆ, ಕಣ. ಗದ್ದೆ ಕೆಳಗಿದೆ. ಹೋಗುವ ದಾರಿ 2018ರ ಮಳೆಯಲ್ಲಿ ಜರಿದುಹೋಗಿ, ಆಮೇಲೆ ಜೆಸಿಬಿ ತರಿಸಿ ಮಣ್ಣು ತುಂಬಿಸಿದ್ದು. ಒಂದು ಕಡೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಕಡೆ ತೋಡು (ನೀರು ಹರಿಯುವ ಹಳ್ಳ). ಯಜಮಾನರು ಬೆಂಗಳೂರಿನಲ್ಲಿ ಇರುವುದು, ಓಡಿಸುವವಳು ನಾನೇ. ಅವರಿಗೆ 45 ಎಚ್‌ಪಿ ಬೇಕಂತೆ, ಒಂದೇ ಸಲ ದೊಡ್ಡದು ತೆಗೆದರೆ ಮುಗಿಯಿತು ಅಂತಾರೆ. ಡೀಲರ್ 24 ಎಚ್‌ಪಿ ಸಾಕು, ಜೊತೆಗೆ ಟ್ರೇಲರ್‌ಗೂ ಡಿಸ್ಕೌಂಟ್ ಕೊಡ್ತೀನಿ ಅಂತಾರೆ. ಯಾರ ಮಾತು ಕೇಳಲಿ?

ವರ್ಕ್‌ಶಾಪ್ ಅಣ್ಣ: ಅಕ್ಕ, ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡದ್ದು ಎಚ್‌ಪಿ ಅಲ್ಲ, ಆ ದಾರಿ. ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ತುಂಬಿಸಿದ ಮಣ್ಣು ನೋಡಲು ಗಟ್ಟಿ ಇರುತ್ತದೆ. ಬೇಸಿಗೆಯಲ್ಲಿ ಜೀಪೂ ಹೋಗುತ್ತದೆ. ಜುಲೈ ಮಳೆಯಲ್ಲಿ ನೀರು ಕುಡಿದು ಅಂಚು ಮೊದಲು ಸಡಿಲ ಆಗುತ್ತದೆ, ಮೇಲೆ ಹುಲ್ಲು ಇರುವುದರಿಂದ ಬಿರುಕು ಕಾಣುವುದಿಲ್ಲ. ನಿಮಗೆ ಗದ್ದೆ ಕೆಲಸ ಬರುವುದೂ ಅದೇ ತಿಂಗಳು. ತೋಡಿನ ಪಕ್ಕ ಗಾಡಿ ಓಡಿಸುವಾಗ ಒಂದು ಲೆಕ್ಕ ಇದೆ. ತೋಡು ಎಷ್ಟು ಆಳವೋ, ಚಕ್ರ ಅಂಚಿನಿಂದ ಕನಿಷ್ಠ ಅಷ್ಟು ದೂರ ಇರಬೇಕು. 5 ಅಡಿ ಆಳ ಇದ್ದರೆ 5 ಅಡಿ ದೂರ. ತುಂಬಿದ ಮಣ್ಣಾದರೆ ಇನ್ನೂ ಜಾಸ್ತಿ.

45 ಎಚ್‌ಪಿ ಗಾಡಿ ಹತ್ತಿರ ಹತ್ತಿರ ಎರಡು ಟನ್ ತೂಗುತ್ತದೆ. 24ರ ಮಿನಿಗಳಲ್ಲಿ ಕೆಲವು ಒಂದು ಟನ್ನೂ ಇಲ್ಲ, ಅಗಲವೂ 3 ಅಡಿ ಚಿಲ್ಲರೆ. ಹಾಗಾಗಿ ನಿಮ್ಮ ದಾರಿಗೂ ಜೌಗು ಗದ್ದೆಗೂ ಹಗುರ ಗಾಡಿ, ನಾಲ್ಕು ಚಕ್ರದ ಡ್ರೈವ್ ಇರುವುದೇ ಸರಿ. ಆದರೆ ಡೀಲರ್ ಹೇಳುವ ಟ್ರೇಲರ್ ಇದೆಯಲ್ಲ, ಅದರ ಮೇಲೆ ನನಗೆ ಅನುಮಾನ. ಹಗುರ ಗಾಡಿಯ ಹಿಂದೆ 50 ಕೆಜಿಯ 20 ಚೀಲ ಹಾಕಿದರೆ ಒಂದು ಟನ್, ಟ್ರೇಲರ್ ತೂಕ ಬೇರೆ. ಇಳಿಜಾರಿನಲ್ಲಿ ಗಾಡಿ ಟ್ರೇಲರನ್ನು ಎಳೆಯುವುದಿಲ್ಲ, ಟ್ರೇಲರೇ ಗಾಡಿಯನ್ನು ತಳ್ಳುತ್ತದೆ. ಬ್ರೇಕ್ ಇಲ್ಲದ ಟ್ರೇಲರ್ ಆದರೆ ಹಿಂದಿನಿಂದ ಅಡ್ಡ ತಿರುಗಿಸಿ ಬೀಳಿಸುತ್ತದೆ. ಲೋಡು, ಟ್ರೇಲರ್ ಸೇರಿದ ತೂಕ ಗಾಡಿಯ ತೂಕ ಮೀರಬಾರದು. ನಮ್ಮ ಕಡೆ ಯಾರೂ ಇದನ್ನು ಪಾಲಿಸುವುದಿಲ್ಲ, ಗೊತ್ತು.

ಮೂರು ಅಳತೆ ಕಳಿಸಿ. ದಾರಿ ತೀರಾ ಕಿರಿದಾದ ಕಡೆ ಎಷ್ಟು ಅಗಲ? ಅಲ್ಲಿ ತೋಡು ಎಷ್ಟು ಆಳ? ಮೂರನೆಯದು ಇಳಿಜಾರು. 10 ಅಡಿಯ ನೇರ ಬಿದಿರಿನ ಒಂದು ತುದಿ ಏರಿನ ಮೇಲೆ ಇಟ್ಟು, ಮಟ್ಟ ಸಮ ಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಎತ್ತರ ಇದೆ ನೋಡಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.

ನಾಪೋಕ್ಲು ಟಿಲ್ಲರ್: ಒಂದೂವರೆ ಎಕರೆ ಗದ್ದೆಗೆ ಟ್ರ್ಯಾಕ್ಟರ್ ಯಾಕೆ? ಟಿಲ್ಲರ್ ಇದ್ದರೆ ಸಾಕು. ನಾವೆಲ್ಲ ಬದುಕಿಲ್ವಾ?

ಬಾಳೆಲೆ ಗದ್ದೆಮನೆ: ಬದುಕಿದ್ದೀರಿ, ಸೊಂಟ ಬದುಕಿದೆಯಾ ಕೇಳಿ. ಕೆಸರಿನಲ್ಲಿ ಟಿಲ್ಲರ್ ಹಿಂದೆ ದಿನವಿಡೀ ನಡೆಯುವವನಿಗೆ ಗೊತ್ತು.

ನಾಪೋಕ್ಲು ಟಿಲ್ಲರ್: ನಡೆಯಲು ಆಗದವರು ಗದ್ದೆ ಮಾಡಬಾರದು ಅಷ್ಟೆ. ಎಲ್ಲರಿಗೂ ಸೀಟು ಬೇಕು ಈಗ.

ಬಾಳೆಲೆ ಗದ್ದೆಮನೆ: ಅದಕ್ಕೇ ಊರಲ್ಲಿ ಅರ್ಧ ಗದ್ದೆ ಪಾಳು ಬಿದ್ದಿರುವುದು. ನಿಮ್ಮ ಗದ್ದೆಯೂ ಈ ವರ್ಷ ಖಾಲಿ ಇತ್ತಲ್ವಾ?

ನಾಪೋಕ್ಲು ಟಿಲ್ಲರ್: ಅದು ಆನೆ ಕಾಟಕ್ಕೆ. ನಿಮಗೆ ಸಂಬಂಧ ಇಲ್ಲ.

ವರ್ಕ್‌ಶಾಪ್ ಅಣ್ಣ: ಇಬ್ಬರೂ ಸರಿ, ಸಾಕು. ಏಣಿ ಏಣಿಯ ಸಣ್ಣ ಗದ್ದೆಗೆ ಟಿಲ್ಲರ್. ಒಂದು ಮಡಿ ದೊಡ್ಡದಿದ್ದು ಗಾಡಿ ತಿರುಗಲು ಜಾಗ ಇದ್ದರೆ ಮಿನಿ, ಕೆಸರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಹಾಕಿ. ಒಂದು ಮಡಿಯಿಂದ ಇನ್ನೊಂದಕ್ಕೆ ಗದ್ದೆಯ ಏರಿ (ಬದು) ಹಾರಿಸಿಕೊಂಡು ಹೋಗಬೇಡಿ. ಏರಿ ಕಡಿದು ಇಳಿಜಾರು ಮಾಡಿ, ಮೇಲೆ ಹತ್ತುವಾಗ ರಿವರ್ಸಿನಲ್ಲಿ ಹತ್ತಿ.

ಶನಿವಾರಸಂತೆ ಶುಂಠಿ: ನಮ್ಮದು ಸಮತಟ್ಟು ಜಾಗ, 5 ಎಕರೆ, ಶುಂಠಿ ಮತ್ತು ಜೋಳ. ಮಿನಿ ತಗೊಳ್ಳಲಾ?

ವರ್ಕ್‌ಶಾಪ್ ಅಣ್ಣ: ಬೇಡ. ನಿಮಗೆ 35ರಿಂದ 40 ಎಚ್‌ಪಿ, ಎರಡು ಚಕ್ರದ ಡ್ರೈವ್ ಸಾಕು. ಬಾಡಿಗೆಗೂ ಬಿಡಬಹುದು.

ಹುದಿಕೇರಿ ಹುಡುಗ: 3 ಎಕರೆ ರೋಬಸ್ಟಾ, 1 ಎಕರೆ ಗದ್ದೆ. ಈಗ ಹೇಳಿ ಅಣ್ಣಾ, ಬೆಸ್ಟ್ ಯಾವುದು? ಕುಬೋಟಾನಾ ಮಹೀಂದ್ರಾನಾ?

ವರ್ಕ್‌ಶಾಪ್ ಅಣ್ಣ: ಕುಬೋಟಾ ಬಿ2441, ಮಹೀಂದ್ರಾ ಜೀವೊ 245, ಎರಡೂ 24 ಎಚ್‌ಪಿ, ಎರಡೂ ನಾಲ್ಕು ಚಕ್ರದ ಡ್ರೈವ್, ಎರಡರ ಲಿಫ್ಟೂ 750 ಕೆಜಿ. ಮೊದಲನೆಯದಕ್ಕೆ 3 ಸಿಲಿಂಡರ್, ಎರಡನೆಯದಕ್ಕೆ 2. ದಶಕಗಳಿಂದ ಟಿಲ್ಲರ್ ಮಾರುವ ವಿಎಸ್‌ಟಿ ಕಂಪನಿಯವರದ್ದೂ ಇದೆ. ನಿಮ್ಮ ಮನೆಗೆ ಹತ್ತಿರ ಯಾರ ಸರ್ವಿಸ್ ಇದೆಯೋ, ಕ್ಲಚ್ ಪ್ಲೇಟು ಯಾರ ಬಳಿ ಅದೇ ದಿನ ಸಿಗುತ್ತದೆಯೋ ಅದು ಬೆಸ್ಟ್. ಜೂನ್‌ನಲ್ಲಿ ಗಾಡಿ ನಿಂತರೆ ಬ್ರ್ಯಾಂಡ್ ಬಂದು ಉಳುವುದಿಲ್ಲ. ಇನ್ನೊಂದು, ಡೀಲರ್ ಹೇಳುವುದು ಎಂಜಿನ್ ಎಚ್‌ಪಿ. ರೋಟವೇಟರ್, ಪಂಪ್ ತಿರುಗಿಸುವುದು ಪಿಟಿಒ (ಗಾಡಿಯ ಹಿಂದಿನ ತಿರುಗುವ ಶಾಫ್ಟ್) ಎಚ್‌ಪಿ, ಅದು ಯಾವಾಗಲೂ ಕಡಿಮೆ. ಅದನ್ನು ಬರೆದು ಕೊಡಿ ಅನ್ನಿ.

ಕುಶಾಲನಗರ ರೈತ: ಗುಂಪಿಗೆ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ, ಬಂದ ಹಾಗೆ: «ಟ್ರ್ಯಾಕ್ಟರ್ ಡೀಸೆಲ್ ಅರ್ಧ ಉಳಿಸಿ! 1. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ. 2. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿ. 3. ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಶಿನ ಹಾಕಿ. ಎಲ್ಲ ರೈತರಿಗೂ ಕಳಿಸಿ.»

ವರ್ಕ್‌ಶಾಪ್ ಅಣ್ಣ: ಮೊದಲನೆಯದನ್ನು ಈಗಲೇ ಅಳಿಸಿ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಡೆ ಇಲ್ಲ, ಬರೀ ಬ್ರೇಕ್ ಮೇಲೆ ಗಾಡಿ. ಒದ್ದೆ ಕೆಂಪು ಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಜಾರುತ್ತದೆ. ಇಳಿಯುವ ಮೊದಲೇ ಲೋ ಗೇರ್ ಹಾಕಿ, ನಾಲ್ಕು ಚಕ್ರದ ಡ್ರೈವ್ ಹಾಕಿ, ಎಡ, ಬಲ ಚಕ್ರದ ಎರಡು ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ, ಕ್ಲಚ್ ಮುಟ್ಟಬೇಡಿ. ಇಳಿಯುತ್ತಾ ಗೇರ್ ಬದಲಾಯಿಸಲು ಹೋದವರ ಗಾಡಿಗಳು ನನ್ನ ವರ್ಕ್‌ಶಾಪಿಗೆ ಕ್ರೇನಿನಲ್ಲಿ ಬಂದಿವೆ. ಓಡಿಸಿದವರು ಎಲ್ಲರೂ ಬರಲಿಲ್ಲ.

ಸೀಮೆಎಣ್ಣೆಗೆ ಡೀಸೆಲ್‌ನ ಜಿಡ್ಡು ಇಲ್ಲ, ಪಂಪ್ ಸವೆಯುತ್ತದೆ. ಅರಿಶಿನ ಸೋರುವ ತೂತನ್ನು ಮುಚ್ಚಿದರೆ ಒಳಗಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಅರಿಶಿನ ಸಾರಿಗೆ ಹಾಕಿ.

ಕುಶಾಲನಗರ ರೈತ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ. ನಮ್ಮ ಭಾವನ ಗಾಡಿಯಲ್ಲಿ ಅರಿಶಿನ ಕೆಲಸ ಮಾಡಿದೆ.

ವರ್ಕ್‌ಶಾಪ್ ಅಣ್ಣ: ಭಾವನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ. ಬೇಗ ಭೇಟಿ ಆಗುತ್ತೇವೆ.

ಪೊನ್ನಂಪೇಟೆ ಟೀಚರ್: ಸೀಟಿನ ಹಿಂದೆ ಕಬ್ಬಿಣದ ಕಮಾನು ಇರುತ್ತದಲ್ಲ, ಅದು ಬೇಕೇಬೇಕಾ? ಮರದ ಕೊಂಬೆಗೆ ತಾಗುತ್ತದೆ, ತೆಗೆಸಿಬಿಡಿ ಅಂತ ಮನೆಯಲ್ಲಿ ಹೇಳುತ್ತಾರೆ.

ವರ್ಕ್‌ಶಾಪ್ ಅಣ್ಣ: ಒಳ್ಳೆಯ ಪ್ರಶ್ನೆ ಟೀಚರ್. ತೆಗೆಸಬೇಡಿ. ಗಾಡಿ ಮಗುಚಿದರೆ ನಿಮ್ಮ ತಲೆ ಮತ್ತು ನೆಲದ ನಡುವೆ ಇರುವುದು ಅದೊಂದೇ. ಮಡಚುವ ಕಮಾನು ಬರುತ್ತದೆ, ತೋಟದೊಳಗೆ ಕೊಂಬೆ ಇದ್ದ ಕಡೆ ಮಡಚಿ, ಹೊರಗೆ ಬಂದ ಕೂಡಲೇ ಎತ್ತಿ. ಕಮಾನು ನಿಂತಿದ್ದಾಗ ಬೆಲ್ಟ್ ಕಟ್ಟಬೇಕು. ಮಡಚಿದ್ದಾಗ ಕಟ್ಟಬಾರದು, ಕಟ್ಟಿದರೆ ಹಾರಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಿಲ್ವರ್ ಓಕ್ ಬುಡ ಎಳೆಯುವವರಿಗೂ ಒಂದು ಮಾತು. ಸರಪಳಿ ಗಾಡಿಯ ಹಿಂದೆ ಕೆಳಗಿರುವ ಎಳೆಯುವ ಪಟ್ಟಿ, ಡ್ರಾಬಾರಿಗೇ ಕಟ್ಟಿ. ಮೇಲಿನ ಟಾಪ್ ಲಿಂಕಿಗೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

ವಿರಾಜಪೇಟೆ ಅಜ್ಜ: ಜಮ್ಮಾ ಜಾಗಕ್ಕೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಟ್ರ್ಯಾಕ್ಟರ್ ಸಾಲ ಕೊಡುತ್ತಾರಾ ಮಗಾ? ಆರ್‌ಟಿಸಿಯಲ್ಲಿ ಇನ್ನೂ ಅಪ್ಪನ ಹೆಸರಿದೆ.

ಭಾಗಮಂಡಲ ಜೇನು: ಸಬ್ಸಿಡಿ ಇದೆಯಾ ಸರ್?

ವರ್ಕ್‌ಶಾಪ್ ಅಣ್ಣ: ಮೇಲೆ ನೋಡಿ.

ಸಿದ್ದಾಪುರ ಕಣ: ಜಿಎಸ್‌ಟಿ ಇಳಿದಿದೆ ಅಂತಾರಲ್ಲ, ಬೆಲೆ ಕಡಿಮೆ ಆಗಿದೆಯಾ?

ವರ್ಕ್‌ಶಾಪ್ ಅಣ್ಣ: 2025ರ ಸೆಪ್ಟೆಂಬರ್ 22ರಿಂದ 12 ಪರ್ಸೆಂಟ್ ಇದ್ದದ್ದು 5 ಆಗಿದೆ. ಬಿಲ್ಲಿನಲ್ಲಿ 5 ಇದೆಯಾ ನೋಡಿ.

ಮಾದಾಪುರ ಅಕ್ಕ: ಅಳೆದೆ ಅಣ್ಣಾ. ಕಿರಿದಾದ ಕಡೆ ದಾರಿ 9 ಅಡಿ. ತೋಡು 7 ಅಡಿ ಆಳ. ಬಿದಿರು 2 ಅಡಿ ಎತ್ತರ ನಿಂತಿತು.

ವರ್ಕ್‌ಶಾಪ್ ಅಣ್ಣ: 9ರಲ್ಲಿ 7 ಬಿಟ್ಟರೆ 2 ಅಡಿ ಉಳಿಯಿತು. 3 ಅಡಿಯ ಗಾಡಿಯನ್ನು 2 ಅಡಿಯಲ್ಲಿ ಹೇಗೆ ಓಡಿಸುತ್ತೀರಿ? 10ಕ್ಕೆ 2 ಅಡಿ ಇಳಿಜಾರು ಒಣಗಿದ್ದಾಗ, ಖಾಲಿ ಗಾಡಿಗೆ, ನೇರ ಇಳಿದರೆ ನಡೆಯುತ್ತದೆ. ಮಳೆಯಲ್ಲಿ, ಟ್ರೇಲರ್ ಜೊತೆ, ನನ್ನ ಮನೆಯವರಿಗಾದರೆ ಬಿಡುವುದಿಲ್ಲ. ತೋಡಿನ ಬದಿಗೆ ಕಲ್ಲಿನ ತಡೆಗೋಡೆ ಕಟ್ಟಿಸಬೇಕು, ಅಥವಾ ಬರೆಯ ಕಡೆ ಒಳಗೆ ಸರಿಸಿ ದಾರಿ ಅಗಲ ಮಾಡಬೇಕು. ಬರೆ ಕಡಿದರೆ ಅದೂ ಜರಿಯಬಹುದು, ಎಂಜಿನಿಯರಿಗೆ ತೋರಿಸದೆ ಜೆಸಿಬಿ ಕರೆಯಬೇಡಿ. ಗದ್ದೆಗೆ ಪಕ್ಕದವರ ಕಡೆಯಿಂದ ಬೇರೆ ದಾರಿ ಇಲ್ವಾ?

ಮಾದಾಪುರ ಅಕ್ಕ: ಇದೆ. ಅವರು ಬೇಲಿ ಹಾಕಿದ್ದಾರೆ. ಮಾತಿಲ್ಲ.

ಬಾಳೆಲೆ ಗದ್ದೆಮನೆ: ನಕ್ಷೆಯಲ್ಲಿ ಬಂಡಿದಾರಿ ಇದ್ದರೆ ಬೇಲಿ ಹಾಕುವ ಹಾಗಿಲ್ಲ. ತಹಶೀಲ್ದಾರ್‌ಗೆ ಅರ್ಜಿ ಕೊಡಿ.

ನಾಪೋಕ್ಲು ಟಿಲ್ಲರ್: ಅರ್ಜಿ ಕೊಟ್ಟರೆ ಮೂರು ತಲೆಮಾರು ಮಾತಿರುವುದಿಲ್ಲ. ಹಿರಿಯರನ್ನು ಕರೆದು ಕೂತು ಮಾತಾಡಿ. ಬಾಳೆಲೆಯವರಿಗೆ ಎಲ್ಲದಕ್ಕೂ ಕೇಸೇ ಬೇಕು.

ಬಾಳೆಲೆ ಗದ್ದೆಮನೆ: ನಿಮ್ಮ ಬೇಲಿಯೂ ಯಾರದೋ ದಾರಿ ಮೇಲೆ ಇರಬೇಕು, ಅದಕ್ಕೇ ಇಷ್ಟು ಉರಿ.

ಅಡ್ಮಿನ್: ಇಬ್ಬರ ಕಾಮೆಂಟೂ ನಾಳೆವರೆಗೆ ಬಂದ್.

ಕಕ್ಕಬ್ಬೆ ಜೇನುಗೂಡು: ಅಣ್ಣಾ, ಎಲ್ಲ ಓದಲು ಟೈಮ್ ಇಲ್ಲ. ಸುಮ್ನೆ ಒಂದು ಹೆಸರು ಹೇಳಿ, ಬೆಸ್ಟ್ ಮಿನಿ ಯಾವುದು?

ವರ್ಕ್‌ಶಾಪ್ ಅಣ್ಣ: ಓದಲು ಟೈಮ್ ಇಲ್ಲದವರಿಗೆ ಬಸ್ ಬೆಸ್ಟ್.

ಅಕ್ಕ, ಈ ವರ್ಷ ಗದ್ದೆಗೆ ಟಿಲ್ಲರ್ ಬಾಡಿಗೆಗೆ ತರಿಸಿ, ಅದು ಆ ದಾರಿಯಲ್ಲಿ ನಡೆದುಕೊಂಡು ಇಳಿಯುತ್ತದೆ. ಟ್ರ್ಯಾಕ್ಟರ್ ದುಡ್ಡಿನಲ್ಲಿ ಮೊದಲು ದಾರಿ ಮಾಡಿಸಿ. ಆಮೇಲೆ ಗಾಡಿ ನೋಡುವಾಗ ಡೀಲರ್‌ಗೆ ಹೇಳಿ ನಿಮ್ಮ ಜಾಗಕ್ಕೇ ತರಿಸಿ, ಶೋರೂಮ್ ಅಂಗಳದ ಡೆಮೊ ಬೇಡ. ನೀವೇ ಕೂತು ಕ್ಲಚ್ ಪೂರ್ತಿ ಒತ್ತಲು ಕಾಲು ಎಟುಕುತ್ತದಾ ನೋಡಿ. ಇದನ್ನು ಯಜಮಾನರಿಗೂ ಓದಿ ಹೇಳಿ.

ಮಾದಾಪುರ ಅಕ್ಕ: ಎಲ್ಲ ಕಳಿಸಿದೆ ಅಣ್ಣಾ, ಅಳತೆ ಸಮೇತ. ಈಗ ತಾನೇ ಫೋನ್ ಮಾಡಿದ್ದರು. ಸರಿ, 45 ಬೇಡ, 39 ನೋಡೋಣ ಅಂತಾರೆ.

ವರ್ಕ್‌ಶಾಪ್ ಅಣ್ಣ: ಅವರ ನಂಬರ್ ನನಗೆ ಬೇರೆ ಕಳಿಸಿ.