ವಾಕಿಂಗಿನಲ್ಲಿ ಎರಡು ನಾಯಿಗಳ ಒರಟಾಟ: ಪಶುವೈದ್ಯರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಕಲಬುರಗಿಯವರು. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮುಧೋಳ ಹೆಣ್ಣುನಾಯಿಯೂ ಹತ್ತು ತಿಂಗಳ ಲ್ಯಾಬ್ರಡಾರ್ ಗಂಡೂ ಇವೆ. ಮನೆಯೊಳಗೆ ಎರಡೂ ಒಂದೇ ಚಾಪೆಯ ಮೇಲೆ ಮಲಗುತ್ತವೆ. ಆದರೆ ಬೆಳಿಗ್ಗೆ ಅಪ್ಪನ ಕೆರೆಯ ಕಡೆ ಹೊರಟು ಗೇಟು ದಾಟಿದ ಕೂಡಲೇ ಚಿಕ್ಕದು ದೊಡ್ಡದರ ಕುತ್ತಿಗೆಗೆ ಹಾರಿ, ಕಿವಿ ಕಚ್ಚಿ ಎಳೆಯುತ್ತದೆ. ಕಳೆದ ವಾರ ದೊಡ್ಡದು ಗುರುಗುಟ್ಟಿ ಹಲ್ಲು ತೋರಿಸಿತು, ನಾನು ಅದನ್ನು ಗದರಿಸಿದೆ. ಇದು ಆಟವೋ, ಜಗಳವೋ? ಹಾಗೆಯೇ ಬಿಟ್ಟರೆ ತಾವೇ ಸರಿಹೋಗುತ್ತವೆಯೇ?

ಉತ್ತರ: ದಯವಿಟ್ಟು ದೊಡ್ಡದನ್ನು ಇನ್ನು ಮುಂದೆ ಗದರಿಸಬೇಡಿ. ಗುರುಗುಟ್ಟುವುದು ಅದು ‘ಸಾಕು’ ಎನ್ನುವ ರೀತಿ. ಆ ಮಾತನ್ನು ನಾವೇ ಅಡಗಿಸಿದರೆ ಮುಂದೊಂದು ದಿನ ಅದು ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚಬಹುದು.

ಮುಂಗಾಲು ನೆಲಕ್ಕೆ ಊರಿ ಹಿಂಭಾಗ ಎತ್ತುವುದು, ಅಟ್ಟುವ ಸರದಿ ಅದಲುಬದಲಾಗುವುದು, ಮೈ ಸಡಿಲವಾಗಿರುವುದು ಆಟದ ಗುರುತುಗಳು. ಮೈ ಬಿಗಿಯಾಗಿ, ಬಾಯಿ ಮುಚ್ಚಿ, ಕಣ್ಣಿನ ಬಿಳಿಭಾಗ ಕಂಡರೆ ಅದು ಆಟವಲ್ಲ. ಅನುಮಾನವಿದ್ದರೆ ಚಿಕ್ಕದನ್ನು ಕೆಲವು ಕ್ಷಣ ಹಿಡಿದು ನಿಲ್ಲಿಸಿ ನೋಡಿ: ದೊಡ್ಡದು ತಾನಾಗಿಯೇ ಅದರ ಬಳಿ ಮರಳಿದರೆ ಆಟ ಮುಂದುವರಿಯಲಿ, ನಿಮ್ಮ ಕಾಲ ಹಿಂದೆ ಅವಿತರೆ ಅಲ್ಲಿಗೇ ನಿಲ್ಲಿಸಿ.

ಬಯಲಿನಲ್ಲಾದರೆ ಮುಧೋಳ ನಾಯಿ ನಾಲ್ಕು ನೆಗೆತಕ್ಕೆ ದೂರ ಓಡಿ ಆ ಕಾಟವನ್ನು ತಪ್ಪಿಸಿಕೊಳ್ಳುತ್ತಿತ್ತು. ಎರಡೂ ಬೆಲ್ಟುಗಳು ನಿಮ್ಮ ಕೈಯಲ್ಲಿದ್ದಾಗ ಅದಕ್ಕೆ ಓಡುವ ದಾರಿಯೇ ಇರುವುದಿಲ್ಲವಾದ್ದರಿಂದ ಹಲ್ಲು ತೋರಿಸುವುದೊಂದೇ ಉಳಿಯುತ್ತದೆ; ಇದನ್ನು ಅದರ ಕೆಟ್ಟ ಸ್ವಭಾವವೆಂದು ತಿಳಿಯಬಾರದು. ಆದ್ದರಿಂದ ಬೆಲ್ಟ್ ಕಟ್ಟಿದಾಗ ಆಟ ಬೇಡವೇ ಬೇಡ. ಆಟವೆಲ್ಲ ಮನೆಯ ಅಂಗಳದಲ್ಲಿ, ನಿಮಿಷಕ್ಕೊಮ್ಮೆ ಬಿಡುವು ಕೊಟ್ಟು ನಡೆಯಲಿ.

ಎರಡು ವಾರ ಬೇರೆಬೇರೆಯಾಗಿ ನಡೆಸಿ, ಚಿಕ್ಕದಕ್ಕೆ ನೆಲ ಮೂಸಲು ಧಾರಾಳವಾಗಿ ಸಮಯ ಕೊಡಿ. ಆಮೇಲೆ ಇಬ್ಬರು, ಒಬ್ಬೊಬ್ಬರು ಒಂದೊಂದನ್ನು ಹಿಡಿದು, ರಸ್ತೆಯ ಎರಡು ಬದಿಯಲ್ಲಿ ಒಂದೇ ದಿಕ್ಕಿಗೆ ನಡೆಯಿರಿ. ಚಿಕ್ಕದು ದೊಡ್ಡದನ್ನು ನೋಡಿ, ಹಾರದೆ ನಿಮ್ಮ ಕಡೆ ತಿರುಗಿದ ಆ ಕ್ಷಣದಲ್ಲೇ ಬೇಯಿಸಿದ ಕೋಳಿಯ ಚೂರು ಕೊಡಿ. ಹಾರಿದ ಮೇಲೆ ಕೊಟ್ಟರೆ ಹಾರಿದ್ದಕ್ಕೇ ಬಹುಮಾನ ಸಿಕ್ಕಂತಾಗುತ್ತದೆ. ದಿನಕ್ಕಿಷ್ಟು ಅಂತರ ಕಡಿಮೆ ಮಾಡಿ. ಕುತ್ತಿಗೆಪಟ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ಒಳ್ಳೆಯದು. ಎರಡನ್ನೂ ಜೋಡಿಸುವ ಕವಲು ಚೈನನ್ನು ಮಾತ್ರ ಬಳಸಬೇಡಿ.

ಮುಧೋಳದ ಚರ್ಮ ತೆಳು, ಕೂದಲು ಗಿಡ್ಡ. ಹಲ್ಲು ನಾಟಿದ ಗಾಯ ಮೇಲೆ ಚುಕ್ಕಿಯಷ್ಟೇ ಕಂಡರೂ ಒಳಗೆ ಆಳವಾಗಿದ್ದು, ಕೆಲವು ದಿನಗಳಲ್ಲಿ ಕೀವು ತುಂಬಬಹುದು. ಮನೆಗೆ ಬಂದ ಮೇಲೆ ಕುತ್ತಿಗೆಯನ್ನು ಬೆರಳಿನಿಂದ ಸವರಿ ನೋಡಿ. ನೀವು ಮೆಲ್ಲಗೆ ಕಿವಿ ಮುಟ್ಟಿದಾಗಲೂ ಅದು ಗುರುಗುಟ್ಟಿದರೆ ಕಿವಿಯ ಸೋಂಕಿರಬಹುದು, ಪರೀಕ್ಷೆ ಮಾಡಿಸಿ.

ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಏದುಸಿರು ಬಿಡುತ್ತಿರುವ ನಾಯಿಗೆ ತಾಳ್ಮೆಯೂ ಕಡಿಮೆ. ಸೂರ್ಯ ಏರುವ ಮೊದಲೇ ಹೋಗಿಬನ್ನಿ.

ಮತ್ತೊಬ್ಬ ಸದಸ್ಯರು, ಯಾದಗಿರಿಯಿಂದ: ನಿಜವಾಗಿಯೇ ಕಚ್ಚಾಡತೊಡಗಿದರೆ ಏನು ಮಾಡಬೇಕು?

ಉತ್ತರ: ಮುಖಗಳ ನಡುವೆ ಕೈ ಹಾಕಬೇಡಿ, ಬಹುಪಾಲು ಮಾಲೀಕರು ಕಚ್ಚಿಸಿಕೊಳ್ಳುವುದು ಹಾಗೆಯೇ. ನೀರು ಎರಚಿ, ಇಲ್ಲವೇ ಕಂಬಳಿ ಎಸೆಯಿರಿ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲುಗಳನ್ನು ಎತ್ತಿ ಹಿಂದಕ್ಕೆ ಸರಿಯಬಹುದು, ಆದರೆ ಹಲ್ಲು ಬಿಗಿಹಿಡಿದಿರುವಾಗ ಎಳೆದರೆ ಚರ್ಮ ಹರಿಯುತ್ತದೆ. ಮನುಷ್ಯರಿಗೆ ಹಲ್ಲು ತಾಗಿದ್ದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು, ಸಾಕುನಾಯಿಯೇ ಆದರೂ ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.

ಮೊದಲ ಪ್ರಶ್ನೆ ಕೇಳಿದವರು: ಬೆಳಿಗ್ಗೆ ನಾನೊಬ್ಬನೇ ಇರುತ್ತೇನೆ, ಎರಡು ಸಲ ಹೋಗಲು ಸಮಯವಿಲ್ಲ.

ಉತ್ತರ: ಹಾಗಾದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಉಳಿದ ನಾಯಿ ಗೇಟಿನ ಬಳಿ ನಿಂತು ಅಳದಂತೆ ಒಳಕೋಣೆಯಲ್ಲಿ ಅದಕ್ಕೆ ಜಗಿಯಲು ಏನಾದರೂ ಕೊಟ್ಟು ಹೋಗಿ. ಒಟ್ಟಿಗೆ ನಡೆಸುವ ಅಭ್ಯಾಸವನ್ನು ಮನೆಯವರು ಜೊತೆಗಿರುವ ಭಾನುವಾರಕ್ಕೆ ಇಟ್ಟುಕೊಳ್ಳಿ.